ತಲಾ 23 ಕೆಜಿ

ಮ್ಯೂನಿಕ್‌ನಿಂದ ರಾಜಾಜಿನಗರಕ್ಕೆ ರಜೆಗೆ ಬಂದಾಗಲೆಲ್ಲ ನಮ್ಮಿಬ್ಬರ ಜಗಳ ಶುರುವಾಗುವುದು ವಾಪಸು ಹೊರಡುವ ವಾರ. "ಎಲ್ಲಾ ಅಲ್ಲೇ ಸಿಗುತ್ತೆ, ಹೊತ್ಕೊಂಡು ಹೋಗೋದು ಯಾಕೆ?" ಅನ್ನುವುದು ಇವರ ವಾದ. ಇದ್ದ ಊರಿನ ಊಟಕ್ಕೆ ಹೊಂದಿಕೊಳ್ಳಬೇಕು ಎಂಬ ಇವರ ನಂಬಿಕೆಯನ್ನು ಗೌರವಿಸುತ್ತೇನೆ. ಆದರೆ ಎಲ್ಲಾ ಸಿಗುತ್ತೆ ಅನ್ನುವುದನ್ನು ಒಪ್ಪಲಾರೆ. ಅಲ್ಲಿನ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ತೊಗರಿಬೇಳೆ, ಕರಿಬೇವು, ತೆಂಗಿನಕಾಯಿ ಇರುತ್ತವೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯ, ಚಕ್ಕೆ ಹುರಿದು, ನವರಂಗ್ ಹತ್ತಿರದ ಮಿಲ್ಲಿನಲ್ಲಿ ಅಮ್ಮ ಎದುರಿಗೇ ನಿಂತು ಬೀಸಿಸುವ ಹುಳಿಪುಡಿ ಇರುವುದಿಲ್ಲ. ಅಂಗಡಿ ಪುಡಿಯ ಹುಳಿಯನ್ನು ಮಗಳು ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ.

ಅರ್ಧ ಜಗಳವನ್ನು ಕಾನೂನೇ ಬಿಡಿಸಿತು. ಹೊರದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ ಎನ್ನುತ್ತದೆ ಯುರೋಪಿಯನ್ ಒಕ್ಕೂಟ. ಹಾಗಾಗಿ ಅತ್ತೆ ಕಾಯಿಸಿಟ್ಟ ತುಪ್ಪ, ಧಾರವಾಡ ಪೇಡ ಬಸವೇಶ್ವರನಗರದಲ್ಲೇ ಉಳಿಯುತ್ತವೆ. 2019ರ ಡಿಸೆಂಬರ್‌ನಿಂದ ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡುರಿಯನ್ ಹಣ್ಣುಗಳಿಗಷ್ಟೇ ವಿನಾಯಿತಿ. ಕೊಬ್ಬರಿಯನ್ನು ತಡೆದದ್ದು ನಮ್ಮವರೇ. ಎಣ್ಣೆಯಂಶ ಹೆಚ್ಚು, ಬೆಂಕಿ ಹತ್ತಬಹುದು ಎಂದು 2022ರಲ್ಲಿ ಅದನ್ನು ಚೆಕ್-ಇನ್ ಲಗೇಜಿನಿಂದ ಹೊರಗಿಟ್ಟರು. ಆಮೇಲಿಂದ ಅಮ್ಮ ಪುಡಿಗೆ ಕೊಬ್ಬರಿಯನ್ನೇ ಹಾಕುವುದಿಲ್ಲ. ಪುಡಿ ಕೆಡದೆ ಹೆಚ್ಚು ದಿನ ಬರುತ್ತದೆ, ಕಾಯಿ ಅಲ್ಲೇ ತುರಿದು ಹಾಕುತ್ತೇನೆ.

ಉಳಿದ ಅರ್ಧವೇ ಕಷ್ಟದ್ದು. ಇವರ ಫಿಲ್ಟರ್ ಕಾಫಿಪುಡಿ ಯಾರನ್ನೂ ಕೇಳದೆ ಪೆಟ್ಟಿಗೆ ಸೇರುತ್ತಿತ್ತು. ನನ್ನ ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ತುರಿಯುವ ಮಣೆಗೆ ಮಾತ್ರ ಸಮಜಾಯಿಷಿ ಕೊಡಬೇಕಿತ್ತು. "ರೀ, ಕಾಫಿಪುಡಿಯೂ ಅಲ್ಲಿ ಸಿಗುತ್ತಲ್ವಾ?" ಅಂದೆ. "ಅದು ಬೇರೆ" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ನಿಂದೂ ಬೇರೇನೇ ಬಿಡು" ಅಂದರು.

ಅಂದಿನಿಂದ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ತಲಾ 23 ಕೆಜಿಯ ಒಂದು ಪೆಟ್ಟಿಗೆ, ಒಬ್ಬರದರಲ್ಲಿ ಇನ್ನೊಬ್ಬರು ಕೈ ಹಾಕುವಂತಿಲ್ಲ. ಅದಕ್ಕಿಂತ ಮುಖ್ಯ, ಅವರವರ ಮನೆಯವರಿಗೆ "ಬೇಡ" ಅನ್ನುವ ಕೆಲಸ ಅವರವರದೇ. ಮೊದಲು ಅತ್ತೆ ಕೊಟ್ಟ ಡಬ್ಬಿಯನ್ನು ಪೆಟ್ಟಿಗೆಯಿಂದ ತೆಗೆಯುವುದು ನನ್ನ ಪಾಲಿಗೆ ಬರುತ್ತಿತ್ತು; ಮುನಿಸು ತಿಂಗಳುಗಟ್ಟಲೆ ಫೋನಿನಲ್ಲಿ ಉಳಿಯುತ್ತಿತ್ತು. ಈಗ ಮಗನೇ ಹೇಳುತ್ತಾರೆ, ಅತ್ತೆ ನಕ್ಕು ಸುಮ್ಮನಾಗುತ್ತಾರೆ. ಹೊಸದಾಗಿ ಮದುವೆಯಾಗಿ ಹೊರಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಮಿಕ್ಸಿಗೆ ತಕರಾರು ಬರಲಿಲ್ಲ. ಜರ್ಮನಿಯಲ್ಲೂ 230 ವೋಲ್ಟ್, 50 ಹರ್ಟ್ಸ್; ಪ್ಲಗ್ ಮಾತ್ರ ಬೇರೆ. ಅಮೆರಿಕದ 120 ವೋಲ್ಟಿನಲ್ಲಿ ಇಲ್ಲಿನ ಮಿಕ್ಸಿ ಸರಿಯಾಗಿ ತಿರುಗುವುದಿಲ್ಲ. ಗ್ರೈಂಡರ್ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಕಲ್ಲು ಸೇರಿ 10 ಕೆಜಿ ಮೀರುತ್ತದೆ. ಬಟ್ಟೆ ಬಿಟ್ಟು ಹೋಗಲು ನಾನು ತಯಾರಿದ್ದೇನೆ. ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಅದನ್ನು ಹೊರುವವರು ಯಾರು ಅನ್ನುತ್ತಾರೆ ಇವರು. ಆ ಪ್ರಶ್ನೆ ನ್ಯಾಯವಾದದ್ದೇ.