ಸಾವಿರ ಡಾಲರ್ ಕಳಿಸಿದರೆ ಕೈಗೆಷ್ಟು?

ವಿದೇಶದಿಂದ ಅತಿ ಹೆಚ್ಚು ಹಣ ಬರುವುದು ಕೇರಳಕ್ಕೆ ಎಂದು ಇಂದಿಗೂ ಹಲವರು ನಂಬಿದ್ದಾರೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಲೆಕ್ಕ ಬೇರೆಯೇ ಇದೆ. 2023-24ರಲ್ಲಿ ಮಹಾರಾಷ್ಟ್ರದ ಪಾಲು ಶೇ. 20.5, ಕೇರಳದ್ದು ಶೇ. 19.7, ಕರ್ನಾಟಕದ್ದು ಶೇ. 7.7. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಮನೆಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಒಂದು ತಲೆಮಾರು ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕೆಂದು ಇಲ್ಲಿಗೆ ಬಂತು. ಅವರ ಮಕ್ಕಳು ಇಲ್ಲೇ ಓದಿ ನ್ಯೂಜೆರ್ಸಿಗೋ ಟೊರಾಂಟೊಗೋ ದುಬೈಗೋ ಹೋದರು. ಊರಿಗೆ ಮನಿಯಾರ್ಡರ್ ಕಳಿಸುತ್ತಿದ್ದವರೇ ಈಗ ಮಕ್ಕಳ ಹಣಕ್ಕೆ ಕಾಯುವವರು. ಆ ಮನಿಯಾರ್ಡರಿಗೆ ಅಂಚೆ ಇಲಾಖೆ 20 ರೂಪಾಯಿಗೆ 1 ರೂಪಾಯಿಯಂತೆ, ಅಂದರೆ ಶೇ. 5ರಷ್ಟು ಕಮಿಷನ್ ಹಿಡಿಯುತ್ತಿತ್ತು. ದುಬಾರಿಯೇ ಸರಿ, ಆದರೆ ಎಷ್ಟು ಹೋಯಿತೆಂಬುದು ಕೌಂಟರಿನಲ್ಲೇ ಗೊತ್ತಾಗುತ್ತಿತ್ತು. ಡಾಲರಿನ ವಿಷಯದಲ್ಲಿ ಅಷ್ಟು ಸಲೀಸಾಗಿ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಈ ವ್ಯವಹಾರದೊಂದಿಗೆ ಒಡನಾಡಿ ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಖರ್ಚನ್ನು ಶುಲ್ಕದ ಪಟ್ಟಿಯಲ್ಲಿ ಹುಡುಕಿ ಫಲವಿಲ್ಲ, ತಡಕ್ಕೆ ಕಾರಣವನ್ನು ಸಮುದ್ರದಾಚೆ ಹುಡುಕಿಯೂ ಫಲವಿಲ್ಲ.

ಮೊದಲು ಖರ್ಚಿನ ಮಾತು. ಅಮೆರಿಕದ ಒಂದು ಸಣ್ಣ ಬ್ಯಾಂಕಿಗೂ ಡೊಂಬಿವಲಿಯ ಶಾಖೆಯ ಬ್ಯಾಂಕಿಗೂ ನೇರ ಖಾತೆ ಸಂಬಂಧ ಇರುವುದು ಅಪರೂಪ. ಇಬ್ಬರಿಗೂ ಖಾತೆಯಿರುವ ಮೂರನೆಯ ದೊಡ್ಡ ಬ್ಯಾಂಕೊಂದು ನಡುವೆ ನಿಲ್ಲುತ್ತದೆ, ಕೆಲವೊಮ್ಮೆ ಎರಡು. ‘ಸ್ವಿಫ್ಟ್ ಮಾಡಿದೆ’ ಎನ್ನುತ್ತೇವೆ. ಆದರೆ 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಆ ಸಂಸ್ಥೆ ಸಾಗಿಸುವುದು ಸಂದೇಶವನ್ನು ಮಾತ್ರ. ಹಣ ಬ್ಯಾಂಕುಗಳ ಪರಸ್ಪರ ಖಾತೆಗಳಲ್ಲಿ ಜಮಾ-ಖರ್ಚಾಗುತ್ತದೆ, ಪ್ರತಿ ಹೆಜ್ಜೆಯಲ್ಲೂ ಒಬ್ಬೊಬ್ಬರು ತಮ್ಮ ಪಾಲು ಹಿಡಿಯಬಹುದು. ಲೆಕ್ಕ ಸುಲಭವಾಗಲೆಂದು ಡಾಲರಿಗೆ ಮಾರುಕಟ್ಟೆ ದರ 85 ರೂಪಾಯಿ ಎಂದುಕೊಳ್ಳಿ. ಮಗ 1,000 ಡಾಲರ್ ಕಳಿಸುತ್ತಾನೆ, ನಡುವಿನ ಬ್ಯಾಂಕು 15 ಡಾಲರ್ ಮುರಿಯುತ್ತದೆ. ಇಲ್ಲಿಯ ಬ್ಯಾಂಕು ತನ್ನ ಟಿಟಿ ಬೈಯಿಂಗ್ ದರ 83.50ರಲ್ಲಿ ಉಳಿದ 985 ಡಾಲರನ್ನು ಕೊಳ್ಳುತ್ತದೆ. ಮೇಲೆ ಜಿಎಸ್‌ಟಿ ಇದೆ. 1 ಲಕ್ಷ ರೂಪಾಯಿವರೆಗಿನ ವಿನಿಮಯಕ್ಕೆ ಮೊತ್ತದ ಶೇ. 1ನ್ನು ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇ. 18, ಅಂದರೆ ಇಲ್ಲಿ ಸುಮಾರು 148 ರೂಪಾಯಿ. ಕೈಗೆ ಬರುವುದು ಹೆಚ್ಚುಕಡಿಮೆ 82,100. ಹೋದ 2,900 ರೂಪಾಯಿಯಲ್ಲಿ ಅರ್ಧಕ್ಕೂ ಹೆಚ್ಚು, ಸುಮಾರು 1,480 ರೂಪಾಯಿ, ಯಾವ ರಶೀದಿಯಲ್ಲೂ ಶುಲ್ಕವೆಂದು ಬರೆದಿರುವುದಿಲ್ಲ. ಅದು ದರದ ಅಂತರ. ಮಗನ ಬ್ಯಾಂಕು ಅಲ್ಲಿ ಹಿಡಿದ ವೈರ್ ಶುಲ್ಕ ಇದಕ್ಕೆ ಸೇರಿಲ್ಲ. ‘ಶುಲ್ಕ ಸೊನ್ನೆ’ ಎಂಬ ಜಾಹೀರಾತು ನೋಡಿದ ಕೂಡಲೇ ಅವತ್ತಿನ ದರ ನೋಡಬೇಕು ಎನ್ನುವುದು ಇದಕ್ಕೇ. ಶುಲ್ಕ ಬಿಟ್ಟವರು ದರದಲ್ಲಿ ವಸೂಲಿ ಮಾಡಿರುವುದೇ ಹೆಚ್ಚು. ಹಾಗಾಗಿ ಎರಡು ದಾರಿಗಳನ್ನು ಹೋಲಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ಇಷ್ಟು ಡಾಲರ್ ಖಾತೆಯಿಂದ ಹೋದರೆ ಇಲ್ಲಿ ಎಷ್ಟು ರೂಪಾಯಿ ಬೀಳುತ್ತದೆ?

ಎರಡು-ಮೂರು ಸಾವಿರಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ, ಬ್ಯಾಂಕಿನ ಭದ್ರತೆ ಮುಖ್ಯವಲ್ಲವೆ ಎಂದು ಹಿರಿಯರು ಕೇಳುತ್ತಾರೆ. ಭದ್ರತೆಯ ಮಾತು ನ್ಯಾಯವಾದದ್ದು. ಮನೆ ಮಾರಿದ ಹಣದಂಥ ದೊಡ್ಡ ಮೊತ್ತಕ್ಕೆ ನಾನೂ ಬ್ಯಾಂಕಿನ ವೈರನ್ನೇ ಆರಿಸುತ್ತೇನೆ. ಅಲ್ಲಿ ಶಾಖಾಧಿಕಾರಿಯನ್ನು ಕೇಳಿದರೆ ಪಟ್ಟಿಯ ದರಕ್ಕಿಂತ ಒಳ್ಳೆಯ ದರ ಸಿಗುವುದೂ ಉಂಟು. ಆದರೆ ಮನೆಖರ್ಚಿಗೆ ತಿಂಗಳು ತಿಂಗಳು ಬರುವ ಹಣದಲ್ಲಿ ಶೇ. 3 ಹೋದರೆ ವರ್ಷಕ್ಕೆ ಒಂದು ತಿಂಗಳ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಹೋದಂತೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೇ 2030ರೊಳಗೆ ಈ ಖರ್ಚು ಶೇ. 3ಕ್ಕಿಂತ ಕೆಳಗಿಳಿಯಬೇಕೆಂದು ಬರೆದಿದೆ. 200 ಡಾಲರ್ ಕಳಿಸುವುದಕ್ಕೆ ವಿಶ್ವಬ್ಯಾಂಕ್ ಲೆಕ್ಕ ಹಾಕುವ ಜಾಗತಿಕ ಸರಾಸರಿ ಇನ್ನೂ ಶೇ. 6ರ ಆಸುಪಾಸಿನಲ್ಲಿದೆ. ನಮ್ಮ ಹಳೆಯ ಮನಿಯಾರ್ಡರಿಗಿಂತಲೂ ಹೆಚ್ಚು! ಇನ್ನು ಭದ್ರತೆಯೆಂದರೆ ಬ್ಯಾಂಕು ಮಾತ್ರ ಎನ್ನುವುದೂ ಪೂರ್ತಿ ಸರಿಯಲ್ಲ. ರಿಸರ್ವ್ ಬ್ಯಾಂಕಿನ ರೂಪಾಯಿ ಡ್ರಾಯಿಂಗ್ ವ್ಯವಸ್ಥೆಯಡಿ ವಿದೇಶದ ವಿನಿಮಯ ಕಂಪನಿಗಳು ಇಲ್ಲಿಯ ಬ್ಯಾಂಕುಗಳೊಂದಿಗೆ ಒಪ್ಪಂದ ಮಾಡಿಕೊಂಡು ಕಾನೂನುಬದ್ಧವಾಗಿಯೇ ಹಣ ತಲುಪಿಸುತ್ತವೆ. ಕೊಲ್ಲಿಯಿಂದ ಬರುವ ಹಣದಲ್ಲಿ ಬಹುಪಾಲು ಹರಿದುಬಂದದ್ದು ಈ ದಾರಿಯಲ್ಲೇ.

ಈ ದಾರಿಯ ಹಣ ಬೇಗ ಬರುವುದೇಕೆ ಎಂದು ನೋಡಿದರೆ ತಡದ ಗುಟ್ಟೂ ತಿಳಿಯುತ್ತದೆ. ಕಂಪನಿ ಮೊದಲೇ ಇಲ್ಲಿಯ ಬ್ಯಾಂಕಿನಲ್ಲಿ ರೂಪಾಯಿ ಇಟ್ಟಿರುತ್ತದೆ. ದುಬೈಯಲ್ಲಿ ದಿರ್ಹಾಂ ಕಟ್ಟಿದ ಮೇಲೆ ಇಲ್ಲಿ ನಡೆಯುವುದು ಒಂದು ದೇಶೀಯ ಪಾವತಿ ಅಷ್ಟೆ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲಿರುಳೂ ನಡೆಯುತ್ತಿರುವುದರಿಂದ ಭಾನುವಾರವೂ ಹಣ ಬೀಳಬಹುದು. ಬ್ಯಾಂಕಿನ ವೈರ್ ಹಾಗಲ್ಲ. ಅದಕ್ಕೂ ದೂರ ಕಾರಣವಲ್ಲ ಎನ್ನುವುದಕ್ಕೆ ಸ್ವಿಫ್ಟ್ ಪ್ರಕಟಿಸಿದ ಅಂಕಿಗಳೇ ಸಾಕ್ಷಿ: ಪಾವತಿಗಳಲ್ಲಿ ಶೇ. 90ರಷ್ಟು ಒಂದು ಗಂಟೆಯೊಳಗೆ ತಲುಪಬೇಕಾದ ಬ್ಯಾಂಕನ್ನು ತಲುಪುತ್ತವೆ, ಆದರೆ ಒಂದು ಗಂಟೆಯೊಳಗೆ ಗ್ರಾಹಕನ ಖಾತೆಗೆ ಬೀಳುವುದು ಶೇ. 43 ಮಾತ್ರ. ಸಾಗರ ದಾಟಿದ ಹಣ ಹೊಸ್ತಿಲಲ್ಲಿ ಕೂತಿರುತ್ತದೆ. ಕಲ್ಯಾಣದ ಶಾಖೆಯ ಕೌಂಟರಿನಲ್ಲಿ ಕೇಳಿದರೆ ‘ಬಂದಿಲ್ಲ’ ಎನ್ನುತ್ತಾರೆ, ಅವರ ಮಟ್ಟಿಗೆ ಅದು ಸುಳ್ಳಲ್ಲ. ಉಪನಗರದ ಸಾಮಾನ್ಯ ಶಾಖೆ ವಿದೇಶಿ ವಿನಿಮಯ ನೋಡುವುದಿಲ್ಲ, ಹಣ ಬ್ಯಾಂಕಿನ ಫೋರೆಕ್ಸ್ ಸೆಲ್‌ನಲ್ಲಿ ಯಾರದೋ ಉತ್ತರಕ್ಕೆ ಕಾದಿರುತ್ತದೆ. ಅನೇಕ ಬಾರಿ ಆ ಉತ್ತರ ಕೊಡಬೇಕಾದವರು ನಾವೇ! ಬಂದ ಹಣಕ್ಕೆ ಉದ್ದೇಶದ ಕೋಡ್ ಬೇಕು: ಅನಿವಾಸಿ ಮಗ ಮನೆಖರ್ಚಿಗೆ ಕಳಿಸಿದ್ದಕ್ಕೆ ಪಿ1301, ಐರೋಲಿಯಲ್ಲಿ ಕೂತು ವಿದೇಶಿ ಕಂಪನಿಗೆ ಸಾಫ್ಟ್‌ವೇರ್ ಕೆಲಸ ಮಾಡಿದ್ದಕ್ಕೆ ಪಿ0802. ಇದನ್ನು ಕೇಳಿ ಬ್ಯಾಂಕು ಕಳಿಸಿದ ಇಮೇಲ್ ಮಗನ ಹಳೆಯ ವಿಳಾಸಕ್ಕೆ ಹೋಗಿ ಬಿದ್ದಿದ್ದರೆ ಹಣವೂ ಅಲ್ಲೇ ಬಿದ್ದಿರುತ್ತದೆ.

ನಮ್ಮವರಿಗೇ ವಿಶೇಷವಾದ ತೊಡಕುಗಳೂ ಇವೆ. ಊರಿನ ಕಡೆ ಹೆಸರಿನ ಮುಂದೆ ಊರಿನದೋ ತಂದೆಯದೋ ಮೊದಲಕ್ಷರ ಬರುತ್ತದೆ; ಮಹಾರಾಷ್ಟ್ರದ ದಾಖಲೆಗಳಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಕುಲನಾಮ ಪೂರ್ತಿಯಾಗಿ ಬರುತ್ತವೆ. ಪಾಸ್‌ಪೋರ್ಟಿನಲ್ಲಿ ಒಂದು ರೂಪ, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಮಗಳು ಪಾಸ್‌ಪೋರ್ಟ್ ನೋಡಿ ಅಪ್ಪನ ಹೆಸರು ತುಂಬಿಸಿದರೆ ಬ್ಯಾಂಕಿನ ಯಂತ್ರ ಅದನ್ನು ಬೇರೆ ಮನುಷ್ಯನೆಂದೇ ತಿಳಿಯುತ್ತದೆ. ಇನ್ನೊಂದು, ಕರಾವಳಿಯಲ್ಲಿ ಹುಟ್ಟಿದ ನಮ್ಮ ಬ್ಯಾಂಕುಗಳ ವಿಲೀನ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ, ಸ್ವಿಫ್ಟ್ ಕೋಡುಗಳು 2021ರ ಜುಲೈಯಿಂದ ನಡೆಯುತ್ತಿಲ್ಲ. ವಿದೇಶದಲ್ಲಿರುವ ಮಕ್ಕಳು ಎಂದೋ ಉಳಿಸಿಟ್ಟ ವಿವರದಲ್ಲಿ ಹಳೆಯ ಕೋಡೇ ಇದ್ದರೆ ಹಣ ಬರುವುದಿಲ್ಲ. ವಾಪಸು ಹೋಗುವಾಗಲೂ ಶುಲ್ಕ ಕೊಟ್ಟೇ ಹೋಗುತ್ತದೆ. ಸಹಕಾರಿ ಬ್ಯಾಂಕಿನ ಖಾತೆಯಾದರೆ ವಿದೇಶಿ ಹಣ ಅಲ್ಲಿಗೆ ನೇರ ಬರುತ್ತದೋ, ಇನ್ನೊಂದು ಬ್ಯಾಂಕಿನ ಮೂಲಕವೋ ಎಂದು ಮುಂಚೆಯೇ ವಿಚಾರಿಸಿಕೊಳ್ಳುವುದು ಲೇಸು. ವಾರದ ದಿನವನ್ನೂ ನೋಡಬೇಕು: ನ್ಯೂಯಾರ್ಕಿನ ಶುಕ್ರವಾರ ಮಧ್ಯಾಹ್ನ ನಮಗೆ ತಡರಾತ್ರಿ. ಅಂದು ಕಳಿಸಿದ ವೈರ್‌ಗೆ ಸೋಮವಾರಕ್ಕಿಂತ ಮೊದಲು ದರ ಸಿಗುವ ಸಂಭವ ಕಡಿಮೆ, ನಡುವೆ ಗಣೇಶ ಚತುರ್ಥಿ ಬಂದರೆ ಇನ್ನೊಂದು ದಿನ.

ಹೊರಗೆ ಹೋಗುವ ಹಣಕ್ಕೂ ಇದೇ ತರ್ಕ, ದಿಕ್ಕು ಮಾತ್ರ ತಿರುಗುಮುರುಗು. ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. 2004ರಲ್ಲಿ ಅದು ಶುರುವಾದಾಗ ಮಿತಿ 25,000 ಇತ್ತು. ಕಾಲೇಜು ಫೀ ಕಟ್ಟುವವರು ‘ಅವರ್’ ಎಂಬ ಆಯ್ಕೆಯನ್ನು ಬರೆಸಬೇಕು, ಅಂದರೆ ನಡುವಿನ ಬ್ಯಾಂಕುಗಳ ಖರ್ಚೂ ಕಳಿಸುವವರದೇ. ಇಲ್ಲದಿದ್ದರೆ ವಿಶ್ವವಿದ್ಯಾಲಯಕ್ಕೆ ಇಪ್ಪತ್ತು ಡಾಲರ್ ಕಡಿಮೆ ಮುಟ್ಟಿ, ಅಷ್ಟಕ್ಕೇ ಬಾಕಿಯೆಂದು ಬರೆದಿಡುತ್ತಾರೆ. ಟಿಸಿಎಸ್ ಎಂಬ ಮುಂಗಡ ತೆರಿಗೆಯನ್ನು ಕಂಡು ಹೆದರುವವರು ಹಲವರು. 2025ರ ಏಪ್ರಿಲ್‌ನಿಂದ ಅದು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲಷ್ಟೇ, ಅದೂ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ಅದು ಖರ್ಚಲ್ಲ, ಕೆಲಕಾಲ ಸಿಕ್ಕಿಕೊಳ್ಳುವ ಹಣ. ದರದಲ್ಲಿ ಹೋದದ್ದು ಮಾತ್ರ ಯಾವ ರಿಟರ್ನಿನಲ್ಲೂ ವಾಪಸು ಬಾರದು.

ಇಷ್ಟೆಲ್ಲ ರಗಳೆ ಏಕೆ, ಹವಾಲಾದಲ್ಲಿ ದರವೂ ಚೆನ್ನ, ಅದೇ ದಿನ ಕೈಗೆ ಎನ್ನುವವರು ಈಗಲೂ ಇದ್ದಾರೆ. ವಿದೇಶಿ ವಿನಿಮಯದ ಫೆಮಾ ಕಾನೂನಿನ ಉಲ್ಲಂಘನೆ ಎನ್ನುವುದು ಒಂದು ಮಾತಾಯಿತು. ಅದಕ್ಕಿಂತ ಹತ್ತಿರದ ಅಪಾಯವೆಂದರೆ, ಆ ಹಣ ಗುರುತಿಲ್ಲದ ಯಾರದೋ ಖಾತೆಯಿಂದ ನಮ್ಮ ಖಾತೆಗೆ ಬರಬಹುದು. ಆ ಖಾತೆ ಸೈಬರ್ ವಂಚನೆಯ ತನಿಖೆಯಲ್ಲಿ ಸಿಕ್ಕಿದರೆ ನಮ್ಮ ಖಾತೆಯೂ ಸ್ತಂಭನವಾಗಬಹುದು. ಪಿಂಚಣಿ ಬರುವ ಖಾತೆಗೆ ಹಾಗಾದರೆ ಉಳಿಸಿದ ಸಾವಿರ ರೂಪಾಯಿ ಯಾವ ಲೆಕ್ಕಕ್ಕೂ ಬಾರದು. ಮೇಲಾಗಿ ನಾಳೆ ಠಾಕುರ್ಲಿಯಲ್ಲಿ ಫ್ಲ್ಯಾಟ್ ಕೊಳ್ಳುವಾಗ ಹಣದ ಮೂಲ ತೋರಿಸಲು ಒಂದು ಚೀಟಿಯೂ ಇರದು. ಇನ್ನು ದರ ಏರಲೆಂದು ಕಾಯುವ ಚಟದ ಬಗ್ಗೆ ಹೆಚ್ಚು ಹೇಳಲಾರೆ. ನಾಳೆಯ ದರ ಬಲ್ಲವರು ಹಣ ಕಳಿಸುವ ಕೆಲಸಕ್ಕಿಂತ ದೊಡ್ಡ ಕೆಲಸದಲ್ಲಿರುತ್ತಾರೆ.

ಹಾದಿ ಸುಧಾರಿಸುತ್ತಿದೆ, ಇಲ್ಲವೆನ್ನಲಾರೆ. 2023ರ ಫೆಬ್ರವರಿ 21ರಂದು ಯುಪಿಐ ಸಿಂಗಪುರದ ಪೇನೌ ಪಾವತಿ ವ್ಯವಸ್ಥೆಯ ಜೊತೆ ಬೆಸೆದುಕೊಂಡಿತು. ಹಣ ಬಂದ ಕೂಡಲೇ ಗ್ರಾಹಕನಿಗೆ ತಿಳಿಸಬೇಕು, ವಿನಿಮಯ ಮಾರುಕಟ್ಟೆಯ ಹೊತ್ತಿನಲ್ಲಿ ಬಂದದ್ದನ್ನು ಅಂದೇ ಜಮಾ ಮಾಡಬೇಕು ಎಂಬ ಕರಡು ನಿಯಮವನ್ನು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ತಡವಾಗುತ್ತಿರುವುದು ಈಚೆ ದಡದಲ್ಲಿ ಎಂಬುದನ್ನು ನಿಯಂತ್ರಕರೇ ಒಪ್ಪಿದಂತಾಯಿತು. ಆ ನಿಯಮ ಜಾರಿಯಾಗುವ ಮೊದಲೂ ನಂತರವೂ, ಕಳಿಸಿದವರಿಂದ ಯುಇಟಿಆರ್ ಎಂಬ 36 ಅಕ್ಷರಗಳ ಗುರುತನ್ನು ತರಿಸಿಟ್ಟುಕೊಳ್ಳಿ. ಹಣ ಈಗ ಯಾವ ಬ್ಯಾಂಕಿನ ಬಳಿಯಿದೆ ಎಂಬುದನ್ನು ಅದರಿಂದ ಪತ್ತೆ ಮಾಡಬಹುದು, ‘ಬಂದಿಲ್ಲ’ ಎನ್ನುವ ಕೌಂಟರಿಗೂ ಅದನ್ನು ತೋರಿಸಿದರೆ ಫೋರೆಕ್ಸ್ ಸೆಲ್‌ಗೆ ಫೋನು ಮಾಡಲೇಬೇಕಾಗುತ್ತದೆ. ಲಿಖಿತ ದೂರಿಗೆ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.