ಒಂದೇ ಸಲಕ್ಕೆ ವಿಪರೀತ ಕುಡಿದರೆ ಮಿದುಳಿನಲ್ಲಿ ಆಗುವುದೇನು?



"ದಿನಾ ಕುಡಿಯುವವನು ಕುಡುಕ. ನಾನು ಬಟವಾಡೆಯ ದಿನ, ಹಬ್ಬಕ್ಕೆ, ನಂಜನಗೂಡಿನ ದೊಡ್ಡ ಜಾತ್ರೆಗೆ ಮಾತ್ರ" ಎಂದು ಹೇಳಿಕೊಳ್ಳುವವರು ಉಂಟು. ಎಷ್ಟು ದಿನಕ್ಕೊಮ್ಮೆ ಕುಡಿದರು ಎಂಬುದಷ್ಟೇ ಲೆಕ್ಕವಲ್ಲ. ಒಂದು ಸಲಕ್ಕೆ ಎಷ್ಟು ಕುಡಿದರು ಎಂಬುದೂ ಲೆಕ್ಕವೇ.

ಅಳತೆ ತಿಳಿಯಿರಿ

ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರ ಒಳಗೆ ಹೋದರೆ ಅದು ವಿಪರೀತ ಕುಡಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ನಮ್ಮ ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು. ಆ ಜಾಗಕ್ಕೆ ಬಂದದ್ದು ಕ್ವಾರ್ಟರ್. 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಮದ್ಯಸಾರ ಶೇಕಡ 42.8, ತೂಕದಲ್ಲಿ ಸುಮಾರು 60 ಗ್ರಾಂ. ಎಂದರೆ ಒಂದೇ ಕ್ವಾರ್ಟರಿಗೆ ಆ ಗೆರೆ ಮುಟ್ಟಿದಂತಾಯಿತು.

ಮಿದುಳಿನ ಕಾವಲುಗಾರರು

ತೆನೆ ಕಟ್ಟಿದ ಹೊಲಕ್ಕೆ ಕಾವಲು ಇಡುತ್ತೇವೆ. ಹಾಗೆಯೇ ಮಿದುಳಿನಲ್ಲಿಯೂ ಕಾವಲು ಕಣಗಳಿವೆ. ವಿಜ್ಞಾನಿಗಳು ಇವನ್ನು ಮೈಕ್ರೋಗ್ಲಿಯಾ ಎನ್ನುತ್ತಾರೆ. ರೋಗಾಣು ಬಂದರೆ, ಪೆಟ್ಟು ಬಿದ್ದರೆ ಇವು ಕೂಗು ಹಾಕುತ್ತವೆ. ಆ ಕೂಗು ಒಂದು ಬಗೆಯ ರಾಸಾಯನಿಕ. ಅದರಿಂದ ಉರಿಯೂತವಾಗುತ್ತದೆ. ಅಪಾಯ ಕಳೆದ ಮೇಲೆ ಕೂಗು ನಿಲ್ಲಬೇಕು.

ವಿಪರೀತ ಕುಡಿದಾಗ ಈ ಕಾವಲು ಕೆಡುತ್ತದೆ. ಕರುಳಿನ ಗೋಡೆ ಸಡಿಲವಾಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ವಿಷಾಂಶ ರಕ್ತಕ್ಕೆ ಸೇರುತ್ತದೆ. ಮದ್ಯಸಾರ ನೇರವಾಗಿಯೂ ಮಿದುಳನ್ನು ಮುಟ್ಟುತ್ತದೆ. ಪದೇ ಪದೇ ಹೀಗಾದರೆ ಕಾವಲು ಕಣಗಳು ಸುಮ್ಮನಾಗುವುದನ್ನೇ ಮರೆಯುತ್ತವೆ.

ಕೂಗು ಕುಡಿತವನ್ನು ಹೆಚ್ಚಿಸುತ್ತದೆ

ಮಿದುಳಿನಲ್ಲಿ ಭಯ, ಆತಂಕಗಳನ್ನು ನಡೆಸುವ ಬಾದಾಮಿ ಆಕಾರದ ಭಾಗವೊಂದಿದೆ. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದವರು ವಿಪರೀತ ಕುಡಿಯುವ ಇಲಿಗಳ ಮಿದುಳಿನ ಈ ಭಾಗವನ್ನು ಪರೀಕ್ಷಿಸಿದರು. ಉರಿಯೂತ ಹೆಚ್ಚಿಸುವ ರಾಸಾಯನಿಕವನ್ನು ಅಲ್ಲಿ ತಡೆದಾಗ ಇಲಿಗಳ ಕುಡಿತ ತಗ್ಗಿತು (2016). ಉರಿಯೂತ ತಣಿಸುವ ರಾಸಾಯನಿಕವನ್ನು ಅಲ್ಲಿಗೆ ಕೊಟ್ಟಾಗಲೂ ತಗ್ಗಿತು (2017). ಮದ್ಯವ್ಯಸನವಿದ್ದು ಸತ್ತ ಮನುಷ್ಯರ ಮಿದುಳಿನಲ್ಲಿಯೂ ಇಂಥದೇ ಒಂದು ಕೂಗಿನ ರಾಸಾಯನಿಕ ಹೆಚ್ಚಾಗಿದ್ದುದು 2008ರಲ್ಲಿ ವರದಿಯಾಗಿದೆ.

ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಔಷಧಿಯಾಗಲು ಇನ್ನೂ ಬಹಳ ಕೆಲಸವಿದೆ. ಆದರೆ ಪಾಠ ಇಷ್ಟು: ಕುಡಿತ ಕಾವಲನ್ನು ಕೆಣಕುತ್ತದೆ, ಕೆಣಕಿದ ಕಾವಲು ಮತ್ತೆ ಕುಡಿತದ ಕಡೆಗೇ ನೂಕುತ್ತದೆ. ಆದ್ದರಿಂದ ಬಿಡಲಾರದವನನ್ನು "ಮನಸ್ಸು ಗಟ್ಟಿಯಿಲ್ಲ" ಎಂದು ಹಳಿದರೆ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ಚಿಕಿತ್ಸೆ.

ನಾವು ಮಾಡಬೇಕಾದುದು

1. ಕೊಯ್ಲಿನ ಆಳುಗಳಿಗೆ ಕೂಲಿಯ ಜೊತೆ ಕ್ವಾರ್ಟರ್ ಕೊಡಬೇಡಿ. ಆ ದುಡ್ಡನ್ನೂ ಕೂಲಿಗೆ ಸೇರಿಸಿ ಕೊಡಿ.

2. ಬೆಳೆ ಮಾರಿದ ದಿನ ಹಣ ಮೊದಲು ಮನೆ ಸೇರಲಿ.

3. ಬಹುಕಾಲ ದಿನಾ ಕುಡಿದವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಕೈ ನಡುಕ, ಬೆವರು, ಫಿಟ್ಸ್, ಬುದ್ಧಿಭ್ರಮಣೆ ಬರಬಹುದು, ಪ್ರಾಣಕ್ಕೂ ಅಪಾಯ. ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

4. ನಂಜನಗೂಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಹೊಲದ ಬೇಲಿ ಮುರಿದರೆ ಅಂದೇ ಕಟ್ಟುತ್ತೇವೆ. ಮಿದುಳಿನ ಬೇಲಿಯನ್ನೂ ಹಾಗೆಯೇ ಬೇಗ ಕಟ್ಟೋಣ.

ಭಜನೆ ಮನೆಯಲ್ಲಿ, ಸಂಘದ ಸಭೆಯಲ್ಲಿ ಚರ್ಚಿಸಿ: ನಮ್ಮ ಊರಿನಲ್ಲಿ ಕೂಲಿಯ ಜೊತೆ ಕುಡಿತ ಕೊಡುವ ರೂಢಿ ಇದೆಯೇ? ಅದನ್ನು ನಿಲ್ಲಿಸಲು ಮೊದಲು ಯಾರು ಮುಂದೆ ಬರುತ್ತಾರೆ?