ಗುರುವಿನ ಲೆಕ್ಕವನ್ನೂ ತೂಗಿ ನೋಡಿ

ಮೂವರೂ ಒಂದೇ ವರ್ಷ ಸಂಶೋಧನೆಗೆ ಹೊರಟಿದ್ದೀರಿ ಎಂದು ಕೇಳಿ ಹಿಗ್ಗಿದೆ. ವಿಜಯಪುರದ ತಂಗಿ ನಕ್ಷತ್ರಗಳ ಭೌತಶಾಸ್ತ್ರಕ್ಕೆ, ತಿಕೋಟಾದ ತಮ್ಮ ವಸ್ತುವಿಜ್ಞಾನಕ್ಕೆ, ಬಬಲೇಶ್ವರದ ತಂಗಿ ಅರ್ಥಶಾಸ್ತ್ರಕ್ಕೆ. ಅಲ್ಲಿ ಹೇಗೆ ಓದಬೇಕು, ಏನು ಬರೆಯಬೇಕು ಎಂದು ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಯಾವುದು ನಿಜವಾಗಿರಲಿ ಎಂದು ನಿಮ್ಮ ಮನಸ್ಸು ಹಂಬಲಿಸುತ್ತದೋ, ಅದನ್ನೇ ಎಲ್ಲಕ್ಕಿಂತ ಬಿಗಿಯಾಗಿ ಪರೀಕ್ಷೆ ಮಾಡಿ.

ನಮ್ಮ ಮಾತಿನಿಂದಲೇ ಶುರು ಮಾಡೋಣ. ತಿಕೋಟಾ ತಾಲೂಕಿನ ಬಿಜ್ಜರಗಿಯೇ ಗಣಿತಜ್ಞ ಭಾಸ್ಕರಾಚಾರ್ಯನ ಊರು ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ನಾನೂ ಹೇಳಿದ್ದೇನೆ, ಇನ್ನೂ ಹಾಗೆಯೇ ಆಸೆ. ಆದರೆ ಸಾಕ್ಷ್ಯ ಏನನ್ನುತ್ತದೆ? ಆತ ತನ್ನ ಊರನ್ನು ವಿಜ್ಜಡವಿಡ ಎಂದು ಕರೆದಿದ್ದಾನೆ. ಬಿಜ್ಜರಗಿಗೆ ಅದು ಹತ್ತಿರದ ಹೆಸರು, ಅಷ್ಟು ನಮ್ಮ ಕಡೆಗಿದೆ. ಅದರ ಜೊತೆಗೇ ಸಹ್ಯಾದ್ರಿಯ ಹೆಸರನ್ನೂ ಹೇಳುತ್ತಾನೆ. ಬಿಜ್ಜರಗಿಯ ಎರೆಹೊಲದಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಸಹ್ಯಾದ್ರಿ ಕಾಣುವುದಿಲ್ಲ. ಇನ್ನೊಂದು ಕಡೆ, ಮಹಾರಾಷ್ಟ್ರದ ಚಾಳೀಸಗಾಂವ ಹತ್ತಿರದ ಪಾಟಣದಲ್ಲಿ 1207ರ ಶಾಸನವಿದೆ. ಭಾಸ್ಕರನ ಗ್ರಂಥಗಳನ್ನು ಪಾಠ ಹೇಳಲೆಂದು ಮೊಮ್ಮಗ ಚಂಗದೇವ ಮಠ ಕಟ್ಟಿಸಿದ ಸಂಗತಿ ಅದರಲ್ಲಿದೆ. ಹಾಗಾದರೆ ತಾತ ಹುಟ್ಟಿದ್ದೂ ಅಲ್ಲೇನೋ? ಮೊಮ್ಮಗನ ಮಠ ಇದ್ದಲ್ಲೇ ತಾತ ಹುಟ್ಟಿರಬೇಕೆಂದಿಲ್ಲ ಎಂದು ನಾವು ವಾದಿಸಬಹುದು. ವಾದಿಸಿ, ಬೇಡ ಅನ್ನುವುದಿಲ್ಲ. ಆದರೆ ಸಹ್ಯಾದ್ರಿಯ ಮಾತನ್ನು ಸೆರಗಿನಲ್ಲಿ ಮುಚ್ಚಿಟ್ಟು ವಾದಿಸಬೇಡಿ. ನಮ್ಮ ಹೆಮ್ಮೆಗೆ ಅಡ್ಡ ಬರುವ ಸಾಲನ್ನೇ ಮೊದಲು ಓದಿ ಹೇಳಿದರೆ ಎದುರಿನವನೂ ಕಿವಿಗೊಡುತ್ತಾನೆ.

ಹುಟ್ಟಿದ ಊರು ಎಲ್ಲೇ ಇರಲಿ, ಆ ಮನುಷ್ಯನಿಂದ ಕಲಿಯಬೇಕಾದದ್ದು ಬೇರೆ ಇದೆ. 1114ರಲ್ಲಿ ಹುಟ್ಟಿದ ಭಾಸ್ಕರ 36ನೇ ವಯಸ್ಸಿಗೆ ಸಿದ್ಧಾಂತ ಶಿರೋಮಣಿ ಬರೆದ. ಅವನಿಗಿಂತ ನಾಲ್ಕು ನೂರು ವರ್ಷ ಹಿಂದಿನ ಖಗೋಳಜ್ಞ ಲಲ್ಲನ ಮೇಲೆ ಅವನಿಗೆ ಎಷ್ಟು ಗೌರವವೆಂದರೆ, ಲಲ್ಲನ ಗ್ರಂಥಕ್ಕೆ ತಾನೇ ವ್ಯಾಖ್ಯಾನ ಬರೆದಿದ್ದಾನೆ. ಅದೇ ಲಲ್ಲ ಗೋಳದ ಮೇಲ್ಮೈ ಅಳೆಯಲು ಒಂದು ಸೂತ್ರ ಕೊಟ್ಟಿದ್ದ: ವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸು. ಭಾಸ್ಕರ ಇದು ತಪ್ಪು ಎಂದ. ಸುಮ್ಮನೆ ಅನ್ನಲಿಲ್ಲ. ಗೋಳದ ಮೈಯನ್ನು ನೆಲ್ಲಿಕಾಯಿಯ ಮೇಲಿನ ಗೆರೆಗಳ ಹಾಗೆ ಉದ್ದುದ್ದ ಪಟ್ಟಿಗಳಾಗಿ ಭಾಗ ಮಾಡಿ, ಒಂದು ಪಟ್ಟಿಯ ಕ್ಷೇತ್ರಫಲ ಕಂಡು, ಎಲ್ಲವನ್ನೂ ಕೂಡಿಸಿ, ಪರಿಧಿಯನ್ನು ವ್ಯಾಸದಿಂದ ಗುಣಿಸಿದರೆ ಸರಿಯುತ್ತರ ಬರುತ್ತದೆಂದು ತೋರಿಸಿದ.

ಲಲ್ಲನ ಸೂತ್ರದಲ್ಲಿ ಎಡವಟ್ಟು ಎಷ್ಟು ದೊಡ್ಡದೆಂದು ನೋಡಬೇಕಾದರೆ ಗೋಲ ಗುಮ್ಮಟಕ್ಕೆ ನಡೆಯಿರಿ. ಹೊರವ್ಯಾಸ 44 ಮೀಟರು. ಲೆಕ್ಕಕ್ಕೆ ಅದನ್ನು ಅರ್ಧಗೋಳ ಎಂದೇ ಹಿಡಿಯೋಣ. ಭಾಸ್ಕರನ ರೀತಿಯಲ್ಲಿ ಗಾರೆ ಬಳಿಯಬೇಕಾದ ಮೈ ಸುಮಾರು 3,040 ಚದರ ಮೀಟರು. ಲಲ್ಲನ ರೀತಿಯಲ್ಲಿ ಅದರ 35 ಪಟ್ಟು! ತಮಾಷೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಗುಮ್ಮಟವನ್ನು ಅಡಿಯಲ್ಲಿ ಅಳೆದರೆ ಲಲ್ಲನ ಉತ್ತರ 113 ಪಟ್ಟಾಗುತ್ತದೆ. ಅಳತೆಕೋಲು ಬದಲಾದರೆ ಗುಮ್ಮಟ ಹಿಗ್ಗುತ್ತದೆಯೇ? ತಂಗಿ, ನಾಳೆ ನಿನ್ನ ಕಂಪ್ಯೂಟರು ಯಾವುದೋ ನಕ್ಷತ್ರದ ತೂಕ ಹೇಳಿದಾಗ ಮೊದಲು ಈ ಪ್ರಶ್ನೆ ಕೇಳು. ಮಾನ ಬದಲಿಸಿದೊಡನೆ ಉತ್ತರದ ಅರ್ಥವೇ ಬದಲಾದರೆ ಸೂತ್ರ ಕೆಟ್ಟಿದೆ.

ಗುಮ್ಮಟದ ಬಳಿ ನಿಂತಾಗ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ, ಜಗತ್ತಿನಲ್ಲಿ ಎರಡನೆಯ ದೊಡ್ಡ ಗುಮ್ಮಟ ಅಂತ. ಒಳವ್ಯಾಸ ಸುಮಾರು 38 ಮೀಟರು. ಅದಕ್ಕಿಂತ ಸಾವಿರದೈನೂರು ವರ್ಷ ಹಳೆಯದಾದ ರೋಮಿನ ಪ್ಯಾಂಥಿಯನ್ನಿನ ಒಳವ್ಯಾಸ 43 ಮೀಟರಿಗೂ ಹೆಚ್ಚು. ನಮ್ಮದರ ಹೊರಮೈ, ಅವರದರ ಒಳಮೈ ಹಿಡಿದು ಹೋಲಿಸಿದರೆ ಯಾರು ಬೇಕಾದರೂ ಗೆಲ್ಲಬಹುದು. ಇಂಥ ಹೋಲಿಕೆ ಪ್ರಬಂಧಗಳಲ್ಲೂ ಬೇಕಾದಷ್ಟು ನುಸುಳುತ್ತದೆ.

ಬಬಲೇಶ್ವರದವಳೇ, ನಿನ್ನ ದಾರಿ ಎಲ್ಲರಿಗಿಂತ ಕಠಿಣ ಎಂದು ನನ್ನ ಅನಿಸಿಕೆ. ಕೃಷ್ಣೆಯ ನೀರನ್ನು ಎತ್ತಿ ಕಾಲುವೆಗೆ ಬಿಟ್ಟರು, ಕೆರೆ ತುಂಬಿದವು, ಬದುಕು ಹಸನಾಯಿತು ಎಂದು ಬರೆಯಲು ನಿನ್ನ ಕೈ ತಹತಹಿಸುತ್ತದೆ. ನಮ್ಮದು ಬರದ ನಾಡು, ನೀರು ಬಂದಾಗ ಕಣ್ಣು ತುಂಬುತ್ತದೆ. ಆದರೆ ಅದೇ ವರ್ಷಗಳಲ್ಲಿ ಮಳೆ ಹೇಗಿತ್ತು, ದ್ರಾಕ್ಷಿಗೆ ಬೆಲೆ ಎಷ್ಟಿತ್ತು? ತೋಟ ಹಚ್ಚಿದವರು ಮೊದಲೇ ಕೊಳವೆಬಾವಿ, ಕೈಯಲ್ಲಿ ದುಡ್ಡು ಇದ್ದವರೇ? ನೀರು ಬಾರದ ಅಂಥದೇ ಇನ್ನೊಂದು ಊರನ್ನು ಪಕ್ಕದಲ್ಲಿಟ್ಟು ನೋಡದೆ ಮೊದಲು–ನಂತರದ ಲೆಕ್ಕ ಬರೆಯಬೇಡ. ಗುಳೆ ಹೋಗುವುದು ನಿಂತವರನ್ನು ಕೇಳು, ಇನ್ನೂ ಹೋಗುತ್ತಿರುವವರನ್ನೂ ಕೇಳು. ಮತ್ತೆ, ಅಂಕಿಗಳಿಗೆ ತೀರಾ ಮರುಳಾಗಬೇಡ. ಭಾಸ್ಕರನ ಲೀಲಾವತಿಯಲ್ಲಿ ಬಡ್ಡಿ, ವಿನಿಮಯದ ಚಂದದ ಲೆಕ್ಕಗಳ ನಡುವೆ, ಹದಿನಾರರ ಹೆಣ್ಣಿನ ಬೆಲೆ 32 ನಾಣ್ಯವಾದರೆ ಇಪ್ಪತ್ತರವಳಿಗೆ ಎಷ್ಟು ಎಂಬ ಲೆಕ್ಕವೂ ಇದೆ. ಉತ್ತರ ಸರಿಯಾಗೇ ಬರುತ್ತದೆ. ನಾನು ಆ ಲೆಕ್ಕವನ್ನು ತರಗತಿಯಲ್ಲಿ ಎಂದೂ ಹಾಕಲಿಲ್ಲ.

ಭಾಸ್ಕರನಿಗೆ ಲಲ್ಲನ ತಪ್ಪು ಕಂಡಂತೆ, ನಿಮ್ಮಲ್ಲಿ ಯಾರಿಗಾದರೂ ಮಾರ್ಗದರ್ಶಕರ ತಪ್ಪು ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ಬೀಳುತ್ತದೆ, ಸಂಶಯ ಬೇಡ. ಸಭೆಯಲ್ಲಿ ಎದ್ದು ನಿಂತು ಹೇಳುವ ಚಪಲ ಬೇಡ. ಮೊದಲು ನಿಮ್ಮ ಲೆಕ್ಕವನ್ನು ನಿಮ್ಮ ಮೇಲೆ ಪ್ರೀತಿ ಇಲ್ಲದ ಒಬ್ಬ ಗೆಳೆಯನಿಗೆ ತೋರಿಸಿ. ಅವನೂ ಒಪ್ಪಿದರೆ ಕಾಗದ ಹಿಡಿದು ಗುರುಗಳ ಕೋಣೆಗೆ ಒಬ್ಬರೇ ಹೋಗಿ.

ಇನ್ನು ತಿಕೋಟಾದ ತಮ್ಮಾ, ನಿನ್ನ ಪ್ರಯೋಗಾಲಯ ಮನೆಯ ಹಿಂದಿನ ಶೆಡ್ಡಿನಲ್ಲೇ ಇದೆ. ದ್ರಾಕ್ಷಿಯ ಸಿಪ್ಪೆಗೆ ಮೇಣದ ತೆಳುಪದರ ಇರುತ್ತದೆ, ನೀರನ್ನು ಹೊರಗೆ ಬಿಡುವುದಿಲ್ಲ. ಪೊಟ್ಯಾಸಿಯಂ ಕಾರ್ಬೋನೇಟ್, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊನೆ ಅದ್ದಿದರೆ ಆ ಪದರ ಸಡಿಲಾಗಿ ಹಣ್ಣು ಬೇಗ ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಆಯಿಲ್ ಜಾಸ್ತಿ ಹಾಕಿದಷ್ಟೂ ಬೇಗ ಒಣಗುತ್ತದೆ ಎಂದು ನಿಮ್ಮ ಕಾಕಾ ಹಟ ಹಿಡಿಯುತ್ತಾರೆ, ಅವರ ಮಾತು ನಿಜವಾಗಲಿ ಎಂದು ನಿನಗೂ ಆಸೆ. ಹಣ್ಣು ಇಳಿಯುವ ಹೊತ್ತಿಗೆ ರಜೆ ಹಾಕಿ ಬಾ. ಒಂದೇ ತೋಟದ, ಒಂದೇ ದಿನ ಕೊಯ್ದ ಹಣ್ಣನ್ನು ಮೂರು ಪಾಲು ಮಾಡು: ಒಂದಕ್ಕೆ ಕಾಕಾನ ಅಳತೆ, ಒಂದಕ್ಕೆ ಅದರ ಅರ್ಧ, ಒಂದಕ್ಕೆ ಬರೀ ನೀರು. ಯಾವ ಜಾಳಿಗೆಯ ಮೇಲೆ ಯಾವುದಿದೆ ಎಂದು ತೂಗುವವನಿಗೆ ತಿಳಿಯಬಾರದು. ತೂಗಲು ನಾನೇ ಬರುತ್ತೇನೆ, ನನ್ನ ಕನ್ನಡಕವೊಂದು ಸರಿಯಾಗಬೇಕು.